ಹಂದಿ ಬೆಚ್ಚಬಾರದು

ಇನಾಸನ ಸ್ಕೂಟರಿನಿಂದ ಇಳಿದ ತಿಮ್ಮ ಚೀಲದಿಂದ ಕತ್ತಿ ತೆಗೆಯುವಷ್ಟರಲ್ಲಿ ಇನಾಸ ಅವನ ಕೈ ಹಿಡಿದ. ಗೂಡಿನ ಮೂಲೆಯಲ್ಲಿ ಹಂದಿ ಏದುಸಿರು ಬಿಡುತ್ತ ನಿಂತಿತ್ತು.

“ಇವತ್ತೂ ಆಗ್ಲಿಕ್ಕಿಲ್ಲ ಮಾರಾಯಾ,” ಇನಾಸ ಪಿಸುಗುಟ್ಟಿದ. “ಎಂತಕ್ಕೋ ಹೆದ್ರಿಬಿಟ್ಟದೆ.”

“ಕಡಿಯೂಕೆ ಬಂದವ್ನ ಕಂಡು ಹಂದಿ ನಗ್ತಾ ಕೂತ್ಕಂತದಾ?” ಎಂದ ತಿಮ್ಮ. ಹೋದ ಶನಿವಾರವೂ, ಅದರ ಹಿಂದಿನ ಶನಿವಾರವೂ ಅವನು ಹೀಗೇ ಬರಿಗೈಯಲ್ಲಿ ತನ್ನೂರು ಕರ್ಕಿಗೆ ವಾಪಸಾಗಿದ್ದ.

ತಿಮ್ಮನಿಗೇನು ಹೋಗುತ್ತದೆ, ನಗಲಿಕ್ಕೆ. ಪಡಿಪಾಟಲು ಪಟ್ಟವನು ಇನಾಸ. ಹಂದಿಯ ಇಡೀ ತೊಡೆಯನ್ನು ಉಪ್ಪಿನಲ್ಲಿ ಹುಗಿದು, ತಣ್ಣನೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ತೂಗುಹಾಕಿ ಒಣಗಿಸುವುದನ್ನು ಗೋವಾದ ಹೋಟೆಲ್ಲೊಂದರಲ್ಲಿ ಕಲಿತು ಬಂದವನು ಅವನು. ಧಾರೇಶ್ವರದ ಕಡೆಯ ರೆಸಾರ್ಟೊಂದಕ್ಕೆ ಮಾಡಿಕೊಡುತ್ತೇನೆಂದು ಮಾತೂ ಕೊಟ್ಟಿದ್ದ. ಆದರೆ ಹೋದ ವರ್ಷದ ಹಂದಿ ಹಗ್ಗ ಹರಿದುಕೊಂಡು ಓಡಿ, ಅರ್ಧ ಹೊನ್ನಾವರವೇ ಅದರ ಹಿಂದೆ ಬಿದ್ದು, ಹಿಡಿದ ಕೂಡಲೇ ಕಡಿದದ್ದು. ಬೆದರಿದ ಹಂದಿಯ ಮಾಂಸ ಬಿಳಿಚಿ, ಮೆತ್ತಗಾಗಿ, ನೀರು ಸುರಿಸಿತು. ಉಪ್ಪನ್ನು ಕಂಡಾಪಟ್ಟೆ ಹೀರಿತು. ಅದರ ಚೂರೊಂದನ್ನು ಬಾಯಿಗಿಟ್ಟ ರೆಸಾರ್ಟಿನ ಮ್ಯಾನೇಜರ್ ಮೊದಲು ನೀರು ಕೇಳಿದ. ಇನ್ನೊಮ್ಮೆ ಹೀಗಾದರೆ ಇತ್ತ ಬರಬೇಡ ಎಂದು ಆಮೇಲೆ ಹೇಳಿದ.

ಅದಕ್ಕೇ ಈ ಸಲ ಮನೆಯಲ್ಲಿ ಹೊಸ ಕಾಯಿದೆ: ಕಡಿಯುವವರೆಗೆ ಹಂದಿ ಬೆಚ್ಚಬಾರದು. ಗೂಡು ಅಡುಗೆಮನೆಯ ಗೋಡೆಗೇ ತಾಗಿಕೊಂಡಿದ್ದರಿಂದ ಪಾತ್ರೆ ಬೀಳಿಸುವಂತಿಲ್ಲ, ಬಾಗಿಲು ಬಡಿಯುವಂತಿಲ್ಲ, ದನಿ ಏರಿಸುವಂತಿಲ್ಲ. ಸಾರು ಸಪ್ಪೆಯಾದರೆ ತಟ್ಟೆ ನೂಕಿ, ಬೀದಿಗೆಲ್ಲ ಕೇಳುವಂತೆ ಹೆಂಡತಿಯ ಮೇಲೆ ಕೂಗಾಡುತ್ತಿದ್ದ ಇನಾಸ ಈಗ, “ರೊಜಿನಾ, ಸ್ವಲ್ಪ ಉಪ್ಪು ಕೊಡ್ತ್ಯಾ?” ಎನ್ನುತ್ತಿದ್ದ. ಪಕ್ಕದ ಮನೆಯ ದುರ್ಗಿ ಬಂದು, “ರೊಜಿನಾಬಾಯಿ, ನಿಮ್ಮವ್ರಿಗೆ ಹುಷಾರಿಲ್ವಾ?” ಎಂದು ವಿಚಾರಿಸಿಕೊಂಡು ಹೋದಳು.

ಮುಂದಿನ ಶನಿವಾರ ಬೆಳಿಗ್ಗೆ ತಿಮ್ಮನನ್ನು ಕರೆತರಲು ಹೊರಟ ಇನಾಸ, ಮೊಬೈಲ್ ಮರೆತು ಅರ್ಧ ದಾರಿಯಿಂದ ತಿರುಗಿ ಬಂದ. ಹಿತ್ತಲಿನಿಂದ ಡಣಡಣ ಸದ್ದು. ಹೋಗಿ ನೋಡಿದರೆ, ನೈಟಿಯನ್ನು ಮೇಲೆತ್ತಿ ಕಟ್ಟಿಕೊಂಡ ರೊಜಿನಾ ಸೌಟಿನಿಂದ ತವೆ ಬಡಿಯುತ್ತ ಹಂದಿಯನ್ನು ಗೂಡಿನೊಳಗೆ ಸುತ್ತ ಓಡಿಸುತ್ತಿದ್ದಾಳೆ!

ಇನಾಸನ ಮೈಯೆಲ್ಲ ಉರಿದುಹೋಯಿತು. ಕೂಗಲು ಬಾಯಿ ತೆರೆದ. ಹಂದಿಯನ್ನು ಕಂಡದ್ದೇ ದನಿ ತಾನಾಗಿ ತಗ್ಗಿತು.

“ಎಂತ ಮಾಡ್ತಿದ್ಯೆ ಇದು? ಈ ಸಲವೂ ಮಾಂಸ ಕೆಟ್ರೆ ನನ್ನ ಗತಿ ಎಂತ?”

ರೊಜಿನಾ ತವೆ ಕೆಳಗಿಟ್ಟಳು. ಅವಳೂ ಹಂದಿಯಷ್ಟೇ ಏದುಸಿರು ಬಿಡುತ್ತಿದ್ದಳು.

“ನೋಡಿ, ಇಷ್ಟು ಸಿಟ್ಟಲ್ಲೂ ಎಷ್ಟು ಮೆತ್ತಗೆ ಕೇಳಿದ್ರಿ,” ಎಂದಳು. “ಮದುವೆ ಆದಮೇಲೆ ನಾನು ಹೆದರ್ಕೆ ಇಲ್ದೆ ಅನ್ನ ಉಂಡದ್ದು ಈ ತಿಂಗಳೇ. ಹಂದಿ ಹೋದಮೇಲೆ ಈ ಮನೇಲಿ ಯಾರು ಬೆಚ್ಚಬಾರ್ದು ಅಂತ ನೀವು ಮೆತ್ತಗೆ ಮಾತಾಡ್ತ್ರಿ?”