ಬೀಜವಿದ್ದ ಚೆರ್ರಿ

ತನ್ನ ಬೇಕರಿಯೆದುರೇ ಚೆರ್ರಿ ಗಾಡಿ ನಿಂತು, ಗಿರಾಕಿಗಳೆಲ್ಲ ಅತ್ತ ಹೊರಳಿದಾಗ ಗುರುಸಿದ್ದಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದುಬಂದು, ಕಳ್ಳಮಾಲು ಹಿಡಿಯುವವನಂತೆ ಗಾಡಿಯ ಮೇಲಿದ್ದ ಕಪ್ಪು, ಕೆಂಪು ಹಣ್ಣಿನ ಎರಡೂ ಬುಟ್ಟಿಗಳನ್ನು ದುರುಗುಟ್ಟಿ ನೋಡಿದ.

“ಕರೇವು ಭಾಳ ಸಿಹಿ ಅದಾವ್ರಿ, ಕೆಂಪನ್ನವು ಒಂಚೂರು ಹುಳಿ,” ಎಂದಳು ಗಾಡಿಯಾಕೆ.

ಕಪ್ಪನೆಯದೊಂದನ್ನು ಹಿಚುಕಿದ. ಬೆರಳು ಕೆಂಪಾಯಿತು. “ಬಣ್ಣ ಹಚ್ಚೀಯೇನು?”

“ಅದು ಹಣ್ಣಿನ ರಸರೀ, ಅಣ್ಣಾರ.”

ಕೆಂಪನೆಯದನ್ನು ಕಚ್ಚಿದ. ಹಲ್ಲಿಗೆ ಬೀಜ ತಾಗಿತು. ಅನುಮಾನ ಗಟ್ಟಿಯಾಯಿತು.

“ಚೆರ್ರಿಯೊಳಗ ಬೀಜ ಎಲ್ಲಿರತೈತಿ? ಯಾರಿಗೆ ಟೋಪಿ ಹಾಕ್ತಿ?”

ಆಕೆಗೂ ಸಿಟ್ಟು ಬಂತು. “ನೀವು ಅಸಲಿ ಚೆರ್ರಿ ಕಂಡೀರೇನ್ರಿ?”

“ಕಾಣೂದೇನು, ಇಪ್ಪತ್ತು ವರ್ಷದಿಂದ ನಾನ ಮಾಡಾಕತ್ತೇನಿ! ಅಡವ್ಯಾಗಿನ ಹುಳಿ ಕವಳಿಕಾಯಿ ತಂದು, ಬೀಜ ತಗದು, ಸಕ್ಕರಿ ಪಾಕದಾಗ ಕುದಿಸಿ, ಕೆಂಪು ಬಣ್ಣ ಹಾಕಿದ್ರನ ಅದು ಚೆರ್ರಿ!”