ಕೊಡಿಗೇನಹಳ್ಳಿಯ ಗಂಟೆ ಧ್ಯಾನ

ಶಿವರಂಜನಿ ಢಣ್ ಎಂದು ಗಂಟೆ ಬಾರಿಸಿದ್ದೇ ತಡ, ಕಣ್ಣು ಮುಚ್ಚಿ ಕೂತಿದ್ದ ಮೂವತ್ತು ಹೆಂಗಸರೂ ದಡಬಡ ಎದ್ದು ನಿಂತು ಗಲ್ಲಗಲ್ಲ ಬಡಿದುಕೊಂಡರು.

ಆಯಿತಲ್ಲ ಗ್ರಹಚಾರ! ಗಂಟೆಯ ನಾದವನ್ನು ಕಿವಿಯಿಂದಲೇ ಹಿಂಬಾಲಿಸಬೇಕು, ನಾದ ಕರಗಿದಂತೆ ಮನಸ್ಸಿನ ಕೊಳೆಯೂ ಕರಗುತ್ತದೆ, ಅಲ್ಲಿಯವರೆಗೆ ಯಾರೂ ಅಲುಗಾಡಬಾರದು ಎಂದು ಮೂರು ತಿಂಗಳು ತರಬೇತಿಯಲ್ಲಿ ಕಲಿತು ಬಂದಿದ್ದಳು. ಕೊಡಿಗೇನಹಳ್ಳಿಯ ಸಮುದಾಯ ಭವನದ ಈ ತರಗತಿ ಅವಳ ಮೊದಲನೆಯದು, ಪರೀಕ್ಷೆಯೂ ಅದೇ. ಹಿಂದುಗಡೆ ಕುರ್ಚಿಯಲ್ಲಿ, ತರಬೇತಿ ಕೊಟ್ಟ ಸಂಸ್ಥೆಯ ಪ್ರಸನ್ನ ಕುಮಾರ್ ಸಾರ್ ಅಂಕ ಹಾಕಲು ಕೂತಿದ್ದರು. ಪಾಸಾದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ತರಗತಿಗಳು ಅವಳವೇ. ಫೇಲಾದರೆ ಕೊಳಾಲಕ್ಕೆ ಹಿಂತಿರುಗಿ ಮತ್ತದೇ ಜೆರಾಕ್ಸ್ ಅಂಗಡಿಯ ಕೆಲಸಕ್ಕೆ ನಿಲ್ಲಬೇಕು.

ಎದ್ದೇಳಬಾರದು, ಕೈ ಮುಗಿಯುವುದೂ ಬೇಡ, ಸುಮ್ಮನೆ ಕೇಳಿಸಿಕೊಳ್ಳಿ ಎಂದು ಅವಳು ನಯವಾಗಿ ಬಿಡಿಸಿ ಹೇಳಿದಳು. ಎಲ್ಲರೂ ಹೂಂ ಎಂದರು, ಕೂತರು. ಎರಡನೆಯ ಸಲ ಬಾರಿಸಿದಾಗ ಒಂದು, ಎರಡು, ಮೂರು ಎಣಿಸುವವರೆಗೂ ಯಾರೂ ಮಿಸುಕಲಿಲ್ಲ. ಶಿವರಂಜನಿಗೆ ಕುಣಿಯುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಮುಂದಿನ ಸಾಲಿನ ಮುದ್ದಕ್ಕ ಮೊಣಕಾಲಿಗೆ ಕೈಕೊಟ್ಟು ಎದ್ದರು. ಅವರ ಹಿಂದೆಯೇ ಉಳಿದವರೂ ಎದ್ದು, ನಿಂತಲ್ಲೇ ಮೂರು ಸುತ್ತು ಸುತ್ತಿದರು. ಪ್ರಸನ್ನ ಕುಮಾರ್ ಪೆನ್ನಿನ ಕ್ಯಾಪು ತೆಗೆದರು.

"ಯಾಕಜ್ಜಿ ಎದ್ದಿರಿ? ಕೂತೇ ಇರಿ ಅಂದೆನಲ್ಲ," ಎಂದಳು ಶಿವರಂಜನಿ.

"ಮಂಗಳಾರತಿ ಗಂಟೆ ಹೊಡ್ದಾಗ ಕುಂತ್ಕಳಕ್ಕಾಯ್ತದೇನಮ್ಮ? ಕಾಲು ತಾನಾಗೇ ಎದ್ಬುಡ್ತವೆ."

"ಇದು ಮಂಗಳಾರತಿ ಅಲ್ಲಜ್ಜಿ, ಧ್ಯಾನ."

"ಅದೇನಾನ ಆಗ್ಲಿ. ನೀನು ಸುಮ್ನೆ ಬಾರ್ಸು, ಚೆಂದಾಗಿ ಬಾರಿಸ್ತೀಯ."

ಹುಟ್ಟಿ ಬೆಳೆದದ್ದು ಕೊಳಾಲದಂಥ ಹಳ್ಳಿಯಲ್ಲಿ, ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಂಕ ಹೇಗೂ ಹೋಯಿತು, ಇನ್ನು ಯಾವ ದಾಕ್ಷಿಣ್ಯ? ಗಂಟೆಯನ್ನು ಬಿಗಿಯಾಗಿ ಹಿಡಿದಳು. ಈ ಸಲ ಒಂದೇ ಏಟಿಗೆ ನಿಲ್ಲಿಸಲಿಲ್ಲ. ತೋಳು ನೋಯುವವರೆಗೂ, ಎದೆ ಹೊಡೆದುಕೊಳ್ಳುವವರೆಗೂ ಗಣಗಣ ಬಾರಿಸಿದಳು. ಭವನದ ತಗಡಿನ ಚಾವಣಿ ಝುಂ ಎಂದಿತು. ಹೆಂಗಸರ ಮುಖ ಅರಳಿತು, ಯಾರೋ ಗೋವಿಂದಾ ಎಂದರು, ಉಳಿದವರು ದನಿಗೂಡಿಸಿದರು. ಅವಳ ಮೈಯೆಲ್ಲ ಜುಮ್ಮೆಂದಿತು. ಬಾರಿಸಿ ಬಾರಿಸಿ ಸಾಕಾಗಿ ಕೊನೆಗೆ ಕೈ ತಡೆದಳು.

ಸದ್ದಡಗಿತು. ನೋಡುತ್ತಾಳೆ, ಮೂವತ್ತು ಜನವೂ ಸೆರಗಿನ ತುದಿಯ ಮೇಲೆ ಬಲಗೈ ಇಟ್ಟು, ಅಂಗೈ ಗುಳಿ ಮಾಡಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಾರೆ. ಒಂದು ಬಳೆಯೂ ಅಲುಗಾಡಲಿಲ್ಲ. ತರಬೇತಿಯಲ್ಲಿ ಗುರುಗಳೇ ಬಾರಿಸಿದಾಗಲೂ ಯಾರಾದರೊಬ್ಬರು ಕೆಮ್ಮುತ್ತಿದ್ದರು, ಫೋನು ಗುಂಯ್ ಎನ್ನುತ್ತಿತ್ತು. ಇಂಥ ನಿಶ್ಶಬ್ದವನ್ನು ಅವಳು ಕಂಡೇ ಇರಲಿಲ್ಲ. ಇವರು ತೀರ್ಥಕ್ಕೆ ಕಾಯುತ್ತಿದ್ದಾರೆ ಎಂದು ಗೊತ್ತಾಗಲು ತುಸು ಹೊತ್ತು ಹಿಡಿಯಿತು. ಈಗ ಬಾಯಿ ಬಿಟ್ಟರೆ ಎಲ್ಲ ಕೆಡುತ್ತದೆ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು, ಒಬ್ಬೊಬ್ಬರಿಗೂ ಒಂದೊಂದು ಗುಟುಕು ಹಾಕುತ್ತಾ ಹೋದಳು.

ಮುದ್ದಕ್ಕ ಕುಡಿದು ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡು, "ನನ್ನ ಎದೆ ತಣ್ಣಗಾಯ್ತು ಕಣವ್ವ," ಎಂದು ಪಿಸುಗುಟ್ಟಿದರು.

ಕೊನೆಯ ಸಾಲೂ ಮುಗಿಯಿತು. ಬಾಟಲಿಯ ಮುಚ್ಚಳ ಹಾಕಬೇಕು, ಅಷ್ಟರಲ್ಲಿ ಇನ್ನೊಂದು ಅಂಗೈ ಅವಳ ಮುಂದೆ ಬಂತು. ಮಣಿಕಟ್ಟಿನಲ್ಲಿ ದೊಡ್ಡ ವಾಚಿತ್ತು. ತಲೆ ಎತ್ತಿದರೆ, ಪ್ರಸನ್ನ ಕುಮಾರ್ ಸಾರ್ ಕುರ್ಚಿ ಬಿಟ್ಟೆದ್ದು, ಬೂಟು ಕಳಚಿಟ್ಟು, ಕಣ್ಣು ಮುಚ್ಚಿ ಕೈಯೊಡ್ಡಿ ನಿಂತಿದ್ದರು.