ಮಾಳಿಗೆಯ ಮೇಲೆ ಇಬ್ಬರು

ಮಾಳಿಗೆಯ ಮೇಲೆ ಮತ್ತೆ ಇಬ್ಬರಿದ್ದರು.

ಹಸನಸಾಬ ದ್ರಾಕ್ಷಿ ತೋಟದ ಬೇಲಿಯ ಬಳಿಯೇ ನಿಂತ. ೧೯೭೯ರ ಬೇಸಿಗೆ, ಹೊತ್ತು ಇಳಿಯುತ್ತಿತ್ತು. ತಲೆತುಂಬ ಬಿಳಿ ಚಾದರ ಹೊದ್ದು, ಒಣಹಾಕಿದ ಮೆಣಸಿನಕಾಯಿ ಗೋರುತ್ತಿದ್ದವಳು ಸಕೀನಾ, ಅವನ ಹೆಂಡತಿ. ಅವಳ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಇನ್ನೊಂದು ಬಿಳಿ ಆಕೃತಿ. ಟಿಕೋಟಾದಲ್ಲಿ ಅರ್ಧ ಊರು ಉಡುವುದು ಬಿಳಿ ಬಟ್ಟೆಯನ್ನೇ. ಆದರೂ ಅವನಿಗೆ ಖಾತ್ರಿಯಿತ್ತು: ಪಕ್ಕದ ಮನೆಯ ಸೈಫುದ್ದೀನ. ಆ ಮಾಳಿಗೆಯಿಂದ ಈ ಮಾಳಿಗೆಗೆ ಒಂದೇ ಜಿಗಿತ.

ಓಡಿದ. ನಿಚ್ಚಣಿಕೆ ಹತ್ತುವಷ್ಟರಲ್ಲಿ ಸಕೀನಾ ಒಬ್ಬಳೇ.

“ಯಾರಿದ್ರು ಇಲ್ಲೆ?”

“ಯಾರಿಲ್ರಿ. ನಾ ಒಬ್ಬಾಕೀನ.”

ಅವಳು ದೃಷ್ಟಿ ತಪ್ಪಿಸಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು.

ಮರುದಿನ ಸೈಫುದ್ದೀನನ ಕೊರಳಪಟ್ಟಿ ಹಿಡಿದ.

“ಅಣ್ಣಾ, ನಾ ನಿನ್ನಿ ಅಥಣ್ಯಾಗ ಇದ್ದೆ. ಅಲ್ಲಾನ ಆಣಿ!”

ಕಳ್ಳನ ಆಣೆಗೇನು ಬೆಲೆ?

ಹೊಟ್ಟೆಯೊಳಗಿನ ಕಿಚ್ಚು ಮೈಯನ್ನೂ ತಿನ್ನತೊಡಗಿತು. ಮುಂಜಾನೆ ಗಟ್ಟಿಯಿರುತ್ತಿದ್ದವನಿಗೆ ಸಂಜೆಯಾದರೆ ರೆಪ್ಪೆ ಜೋಲುತ್ತಿತ್ತು. ಅರ್ಧ ರೊಟ್ಟಿಗೇ ದವಡೆ ಸೋಲುತ್ತಿತ್ತು. ಬೈಯಲು ಬಾಯಿ ತೆರೆದರೆ ಮಾತು ಮೂಗಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹೆಂಡತಿ ಹಾದಿ ತಪ್ಪಿದವನಿಗೆ ಇನ್ನೇನಾದೀತು? ಮಾಳಿಗೆಯ ಮೇಲೆ ಮಾತ್ರ, ಸಂಜೆ ತಪ್ಪದೆ, ಇಬ್ಬರು.

ಕೊನೆಗೆ ಹೇಳಿಯೇಬಿಟ್ಟ. “ಬಬಲೇಶ್ವರಕ್ಕ ನಡಿ. ನಿಮ್ಮಪ್ಪನ ಮನ್ಯಾಗ ಇರು. ಮತ್ತ ಬರಬ್ಯಾಡ.”

ಸಕೀನಾ ಬಟ್ಟೆಗಂಟು ಕಟ್ಟತೊಡಗಿದಳು.

“ಹೋಗ್ತೀನ್ರಿ. ಮೊದಲ ವಿಜಾಪುರದಾಗ ಡಾಕ್ಟರಿಗೆ ತೋರಸ್ರಿ. ನಿಮ್ಮ ಗಂಟಲದಾಗ ರೊಟ್ಟಿ ಇಳೀವಲ್ದು. ಅದನ್ನ ನೋಡಿ ನಾ ಹ್ಯಾಂಗ ಹೋಗ್ಲಿ?”

ವಿಜಾಪುರದ ಇಬ್ರಾಹಿಂಪುರ ಬಡಾವಣೆಯ ದವಾಖಾನೆಯಲ್ಲಿ ಅವನ ಸರದಿ ಬಂದಾಗ ಬಿಸಿಲು ಕೆಂಪಾಗಿತ್ತು. ಸಕೀನಾ ಅಂಗಳದ ಆಚೆ ತುದಿಯ ಬೇವಿನ ಕೆಳಗೆ ಬಟ್ಟೆಗಂಟು ಹಿಡಿದು ನಿಂತಳು. ಡಾಕ್ಟರ್ ಗುರುಪಾದಯ್ಯ ಅವನ ರೆಪ್ಪೆ ಎತ್ತಿ ನೋಡಿದರು. ತೋಳು ಚಾಚಿ ಹಿಡಿಯೆಂದರು. ತುಸು ಹೊತ್ತಿಗೇ ತೋಳು ತಾನಾಗಿ ಕುಸಿಯಿತು.

“ರಕ್ತದಾಗ ಕಾವಲು ಪಡೆಗೋಳು ಇರ್ತಾವ, ಹಸನಸಾಬ. ಒಂದು ಬೆರಳು ಮಾಡಿ ತೋರಸ್ತದ, ಇನ್ನೊಂದು ಓಡಿ ಬಂದು ಹೊಡೀತದ. ನಿನ್ನ ಮೈಯಾಗ ಅವು ಕಳ್ಳರನ್ನ ಬಿಟ್ಟು ಮನೀ ಮಂದೀನ ಹೊಡ್ಯಾಕತ್ತಾವ. ನರದ ಹುಕುಂ ಸ್ನಾಯುಕ್ಕ ಮುಟ್ಟವಲ್ದು. ಇದೆಲ್ಲಾ ಮೊನ್ನೆ ಮೊನ್ನೆ ತಿಳದದ್ದು. ಗುಳಿಗಿ ಅದಾವ, ಹೆದರಬ್ಯಾಡ.”

ಹಸನಸಾಬನ ಕಿವಿಗೆ ಅದಾವುದೂ ಬೀಳಲಿಲ್ಲ. ಅವನು ಕಿಟಕಿಯಾಚೆ ನೋಡುತ್ತಿದ್ದ. ಬೇವಿನ ಕೆಳಗೆ, ಸಕೀನಾಳ ಪಕ್ಕದಲ್ಲಿ, ಆ ಬಿಳಿ ಬಟ್ಟೆಯವನು ನಿಂತಿದ್ದ.

“ಇಲ್ಲೀಮಟಾನೂ ಬಂದಾನ!” ಎನ್ನುತ್ತ ಎದ್ದ.

ಡಾಕ್ಟರು ರಟ್ಟೆ ಹಿಡಿದರು. “ಯಾರು?”

“ಅಲ್ಲೆ! ಆಕೀ ಬಾಜೂಕ!”

ಡಾಕ್ಟರು ಹೊರಗೆ ನೋಡಿದರು. ತಮ್ಮ ಅಂಗೈಯಿಂದ ಅವನ ಎಡಗಣ್ಣು ಮುಚ್ಚಿದರು.

ಬಿಳಿ ಬಟ್ಟೆಯವನು ಇಲ್ಲ.

ಕೈ ತೆಗೆದರು. ಮತ್ತೆ ಬಂದ.

ದೂರದಲ್ಲಿ ಸಕೀನಾ ಚಾದರದ ಅಂಚಿನಿಂದ ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ಅವನೂ, ಅದೇ ಗಳಿಗೆಗೆ, ಅದೇ ಕೈಯಿಂದ ಕಣ್ಣೊರೆಸಿಕೊಂಡ.